ಬಾಯಲ್ಲಿದ್ದ ಟಾರ್ಚ್, ಬಾವಿಗೆ ಬಿದ್ದ ಟಾರ್ಚ್

“ಪರದೇಶದಿಂದ ತಮ್ಮ ಹೊತ್ತು ತಂದ ಟಾರ್ಚನ್ನು ಆ ಹೆಂಗಸು ಹೊಟ್ಟೆಕಿಚ್ಚಿನಿಂದ ಬಾವಿಗೆ ಹಾಕಿದಳು.” ಶಂಕರಪುರದಲ್ಲಿ ಹುಟ್ಟಿದ ಈ ವಾಕ್ಯವನ್ನು ನಾನು ಕಾಪುವಿನಲ್ಲಿ ಕೇಳಿದ್ದೇನೆ, ಉಡುಪಿಯ ಬಸ್ಸಿನಲ್ಲಿ ಕೇಳಿದ್ದೇನೆ, ಕಾರ್ಕಳದ ಒಂದು ಮದುವೆಯಲ್ಲಿ ನನ್ನ ಎಲೆಗೆ ಸಾರು ಬಡಿಸುತ್ತಿದ್ದವರ ಬಾಯಿಂದಲೂ ಕೇಳಿದ್ದೇನೆ. ಹೇಳಿದವರಲ್ಲಿ ಹೆಚ್ಚಿನವರು ಆ ಹೆಂಗಸನ್ನು ಕಂಡವರಲ್ಲ. ನಾನು ಕಂಡವನು.

ಆ ಹೆಂಗಸಿನ ಮೇಲ್ದುಟಿಯ ಎಡ ಮೂಲೆಯಲ್ಲಿ ಕಡಲೆಬೇಳೆಯಷ್ಟು ದೊಡ್ಡ ಜಡ್ಡೊಂದು ಇತ್ತು. ಮಾತಾಡುವಾಗ ಅದು ತುಟಿಯನ್ನು ಸ್ವಲ್ಪ ಓರೆಯಾಗಿ ಎಳೆಯುತ್ತಿದ್ದುದರಿಂದ, ಹೊಸಬರಿಗೆ ಅವರು ಸದಾ ಯಾರನ್ನೋ ಗೇಲಿ ಮಾಡುತ್ತಿರುವಂತೆ ಕಾಣುತ್ತಿತ್ತು. ಆ ಜಡ್ಡು ಬಂದದ್ದು ಟಾರ್ಚಿನಿಂದ.

ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತಸಂಬಂಧವಿರಲಿಲ್ಲ, ನಮ್ಮ ಹಿತ್ತಿಲಿಗೂ ಅವರ ಮಲ್ಲಿಗೆ ತೋಟಕ್ಕೂ ನಡುವೆ ಒಂದು ಬೇಲಿಯಿತ್ತು, ಅಷ್ಟೆ. ಮಕ್ಕಳಿಲ್ಲದ ವಿಧವೆ, ತೋಟವೇ ಅವರ ಜೀವನ. ಮಲ್ಲಿಗೆಯ ಮೊಗ್ಗು ಬೆಳಕು ಹರಿಯುವ ಮೊದಲೇ ಗಿಡದಿಂದ ಇಳಿಯಬೇಕು. ಗೆಲ್ಲು ಬಾಗಿಸಲು ಒಂದು ಕೈ, ಕೊಯ್ಯಲು ಇನ್ನೊಂದು ಕೈ. ಲಾಟೀನನ್ನು ನೆಲದಲ್ಲಿಟ್ಟರೆ ಎಲೆಯ ಅಡಿಭಾಗ ಕಾಣುತ್ತದೆ, ಮೊಗ್ಗು ಕಾಣುವುದಿಲ್ಲ. ಆದುದರಿಂದ ದೊಡ್ಡಮ್ಮ ಬೆರಳಿನಷ್ಟು ದಪ್ಪದ ಪೆನ್ನು ಟಾರ್ಚನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಕೊಯ್ಯುತ್ತಿದ್ದರು. ಆ ಹೊತ್ತಿನಲ್ಲಿ ಏನು ಕೇಳಿದರೂ ಮೂಗಿನಿಂದ “ಹ್ಞೂಂ” ಎಂಬುದೊಂದೇ ಉತ್ತರ. ಬೇಡವೆನ್ನಬೇಕಾದರೆ ಬೆಳಕು ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಯಾರಾದರೂ ಅಡ್ಡ ನಿಂತರೆ ಮೊಣಕೈಯ ತಿವಿತ. ನಾನಾಗ ಕಾಪುವಿನಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದೆ. ಅಂಗಡಿಗೆ ಹೊರಡುವ ಮೊದಲು ಅವರ ಗಿಡಗಳಿಗೆ ನೀರು ಸೇದಿಕೊಡುತ್ತಿದ್ದುದರಿಂದ ಈ ತಿವಿತದ ರುಚಿ ನನ್ನ ಪಕ್ಕೆಲುಬಿಗೆ ಚೆನ್ನಾಗಿ ಗೊತ್ತು.

ಹಗಲಿನಲ್ಲಿ ಆ ಟಾರ್ಚ್ ಸೊಂಟದ ಮಡಿಲಿನಲ್ಲಿರುತ್ತಿತ್ತು. ಅಕ್ಕಿಯ ಡಬ್ಬದ ತಳ ನೋಡಲು, ಕೋಳಿ ಮೊಟ್ಟೆಯಿಟ್ಟ ಮೂಲೆ ಹುಡುಕಲು, ನೆರೆಮನೆಯವರ ಕಾಲಿನ ಮುಳ್ಳು ತೆಗೆಯಲು ಅದು ಹೊರಬರುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ಹಳೆಯ ಟಾರ್ಚ್ ಕೆಟ್ಟಿತು. ನನಗೆ ನೂಲು ತರಲಿಕ್ಕಿತ್ತು; ಇಬ್ಬರೂ ಉಡುಪಿಗೆ ಹೋದೆವು. ಅಂಗಡಿಯವರು ಮೊದಲು ತೆಗೆದದ್ದು ಮೊಳಕೈಯುದ್ದದ ಟಾರ್ಚ್. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು; ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

“ಇದು ನೋಡಿ ಅಮ್ಮ. ಗುಡ್ಡೆಯ ಮೇಲೆ ನಿಂತು ಹೊಡೆದ್ರೆ ಸಮುದ್ರದ ದೋಣಿ ಕಾಣ್ತದೆ.”

“ದೋಣಿ ನನಗೆ ಎಂತಕ್ಕೆ ಅಣ್ಣ? ನನ್ನ ಕೆಲಸ ಎಲ್ಲ ಒಂದು ಮೊಳದ ಒಳಗೆ ಉಂಟು. ಸಣ್ಣದು ತೋರಿಸಿ.”

ಸಣ್ಣವು ಬಂದವು. ಒಂದರಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಬೆಳಕು. “ಇದನ್ನು ಒತ್ತಿ ಹಿಡೀಲಿಕ್ಕೆ ದಿನಾ ಬೆಳಿಗ್ಗೆ ನೀವು ಬರ್ತೀರಾ?” ಎಂದು ಅದನ್ನು ಬದಿಗಿಟ್ಟರು. ಪ್ಲಾಸ್ಟಿಕ್ಕಿನದನ್ನು ಉಗುರಿನಿಂದ ತಟ್ಟಿ ನೋಡಿಯೇ ಬೇಡವೆಂದರು. ಅಲ್ಯೂಮಿನಿಯಮ್ಮಿನ ಒಂದನ್ನು ಸೆರಗಿನಲ್ಲಿ ಒರೆಸಿ, ಗುಂಡಿಯನ್ನು ಮುಂದೆ ತಳ್ಳಿ, ಅದು ಅಲ್ಲಿಯೇ ನಿಲ್ಲುತ್ತದೆ ಎಂದು ಖಚಿತವಾದ ಮೇಲೆ ನೇರವಾಗಿ ಬಾಯಿಗಿಟ್ಟುಕೊಂಡು, ತಲೆಯ ಮೇಲಿನ ಮಾಡನ್ನೂ ಕಪಾಟನ್ನೂ ಅಂಗಡಿಯವರ ಮುಖವನ್ನೂ ಬೆಳಗಿ ನೋಡಿದರು.

“ಅಮ್ಮಾ, ಅದು ತಿನ್ನುವ ಸಾಮಾನು ಅಲ್ಲ ಮಾರಾಯ್ರೆ! ಬಾಯಿಗೆ ಹಾಕಿದ್ದನ್ನು ಇನ್ನು ಯಾರು ತಗೊಳ್ತಾರೆ?”

ದೊಡ್ಡಮ್ಮ ಟಾರ್ಚನ್ನು ಹೊರತೆಗೆದರು. “ನಾನೇ ತಗೊಳ್ತೇನೆ. ಚಪ್ಪಲಿ ಕಾಲಿಗೆ ಹಾಕಿ ನೋಡುವುದಿಲ್ವಾ? ಇದೂ ಹಾಗೇ.”

ಅಷ್ಟಕ್ಕೇ ಮುಗಿಯಲಿಲ್ಲ. ಕಣ್ಣು ಮುಚ್ಚಿ ಹಿಂಬದಿಯ ಮುಚ್ಚಳ ತಿರುಗಿಸಿ ಸೆಲ್ಲುಗಳನ್ನು ತೆಗೆದು ಮತ್ತೆ ಹಾಕಿದರು. ಅಂಥ ಸೆಲ್ಲು ಕಾಪುವಿನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದರು. ಕೊನೆಗೆ ಅದನ್ನು ಸೊಂಟದೆತ್ತರದಿಂದ ನೆಲಕ್ಕೆ ಬೀಳಿಸಿದರು. ಅಂಗಡಿಯವರು “ಅಯ್ಯೋ” ಎನ್ನುವಷ್ಟರಲ್ಲಿ, ನೆಲದ ಮೇಲೆ ಉರುಳುತ್ತಲೇ ಉರಿಯುತ್ತಿದ್ದ ಟಾರ್ಚನ್ನು ಎತ್ತಿಕೊಂಡು, “ಇದು ಆಗ್ತದೆ” ಎಂದರು.

ಟಾರ್ಚಿನ ಬೆಳಕು ಎಷ್ಟು ದೂರ ಹೋಗುತ್ತದೆ ಎಂದು ಜನ ಕೇಳುತ್ತಾರೆ. ಅದು ಎಷ್ಟು ಕೈ ಕೇಳುತ್ತದೆ ಎಂದು ವಿಚಾರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಇಂದಿಗೂ ಟಾರ್ಚ್ ಕೊಳ್ಳುವಾಗ ನಾನು ಅದನ್ನು ಮೊದಲು ಹಲ್ಲಿಗಿಟ್ಟು ನೋಡುತ್ತೇನೆ. ಅಂಗಡಿಗಳಲ್ಲಿ ನಗುತ್ತಾರೆ, ನಗಲಿ.

ಒಂದೆರಡು ವರ್ಷ ಕಳೆದ ಮೇಲೆ ದೊಡ್ಡಮ್ಮನ ತಮ್ಮ ಗಲ್ಫಿನಿಂದ ರಜೆಯಲ್ಲಿ ಬಂದರು. ಹೊಸದಾಗಿ ಮದುವೆಯಾಗಿತ್ತು, ಹೆಂಡತಿಯೂ ಜೊತೆಗಿದ್ದರು. ಅಕ್ಕನಿಗೆಂದು ಐದು ಸೆಲ್ಲಿನ, ಕನ್ನಡಿಯಂತೆ ಹೊಳೆಯುವ ಟಾರ್ಚ್ ತಂದಿದ್ದರು. ನೆರೆಹೊರೆಯವರೆಲ್ಲ ಜಗಲಿಯಲ್ಲಿ ಸೇರಿದ್ದಾಗ ಅದನ್ನು ಕೊಟ್ಟು, “ಅಕ್ಕ, ಇನ್ನು ಆ ಕಡ್ಡಿ ಬಿಸಾಡು. ಇದು ಹೊತ್ತಿಸಿದ್ರೆ ಇಡೀ ತೋಟ ಹಗಲು,” ಎಂದರು.

ದೊಡ್ಡಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿದರು. “ಚಂದ ಉಂಟು ಮಾರಾಯ. ಇದನ್ನು ಹಿಡೀಲಿಕ್ಕೆ ಒಂದು ಆಳನ್ನೂ ತಂದಿದ್ದೀಯಾ?”

ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಆ ನಗು ಒಂದು ತಪ್ಪು ಕಥೆಗೆ ಅಡಿಪಾಯವಾಗಬಹುದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮಳೆಗಾಲ ಮುಗಿದ ದಿನಗಳು. ಬಾವಿಕಟ್ಟೆಯ ಒಂದು ಬದಿ ಮಳೆಗೆ ಕುಸಿದಿತ್ತು. ಒಂದು ಬೆಳಗಿನ ಜಾವ ತಮ್ಮನ ಹೆಂಡತಿ ಸ್ನಾನಕ್ಕೆ ನೀರು ಸೇದಲು ಹೋಗಿ, ಆ ಬದಿಯಲ್ಲಿ ಕಾಲು ಜಾರಿ ಬಾವಿಗೆ ಬಿದ್ದರು. ಕೂಗು ಕೇಳಿ ನಾನು ನಮ್ಮ ಹಿತ್ತಿಲಿನಿಂದ ಓಡಿದೆ. ಬೇಲಿ ದಾಟುವಾಗಲೇ ಬಾವಿಯ ಮೇಲೆ ಎರಡು ಬೆಳಕುಗಳು ಕಾಣುತ್ತಿದ್ದವು. ಗಿಡಗಳ ನಡುವಿನಿಂದ ಹಾಗೆಯೇ ಓಡಿಬಂದಿದ್ದ ದೊಡ್ಡಮ್ಮನ ಬಾಯಲ್ಲಿ ಸಣ್ಣದು. ತಮ್ಮನ ಎರಡೂ ಕೈಗಳಲ್ಲಿ ದೊಡ್ಡದು.

ನೀರು ಎರಡಾಳು ಕೆಳಗಿತ್ತು. ದೊಡ್ಡಮ್ಮ ಬಾವಿಯ ಹಗ್ಗಕ್ಕೆ ಕುಣಿಕೆ ಹಾಕಿ ಇಳಿಬಿಟ್ಟರು. ಕೆಳಗಿದ್ದವರು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಇನ್ನು ಎಳೆಯಬೇಕು. ಒಬ್ಬರ ಬಲಕ್ಕೆ ಮೇಲೆ ಬರುವ ಭಾರವಲ್ಲ ಅದು. ತಮ್ಮನಾದರೋ ಮರಗಟ್ಟಿದವರಂತೆ ಟಾರ್ಚ್ ಹಿಡಿದು ನಿಂತೇ ಇದ್ದರು. “ಕಣ್ಣಿಗೆ ಹೊಡೀಬೇಡಿ, ಎಂತದೂ ಕಾಣುವುದಿಲ್ಲ!” ಎಂದು ಕೆಳಗಿನಿಂದ ಹೆಂಡತಿಯ ಕೂಗು. ದೊಡ್ಡಮ್ಮ “ಹ್ಞೂಂ! ಹ್ಞೂಂ!” ಎಂದರು. “ಎಂತ ಅಕ್ಕ? ಎಂತ ಹೇಳ್ತಿ?” ಎಂದು ತಮ್ಮ ಕೇಳಿದರೇ ಹೊರತು ಕೈ ಸಡಿಲಿಸಲಿಲ್ಲ. ಬಾಯಿಯ ಟಾರ್ಚನ್ನು ತೆಗೆಯಲು ದೊಡ್ಡಮ್ಮ ಹಗ್ಗ ಬಿಡುವಂತಿರಲಿಲ್ಲ. ಮೊಗ್ಗು ಕೊಯ್ಯುವಾಗ ನನಗೆ ಮಾಡುತ್ತಿದ್ದುದನ್ನೇ ಅವರು ಮಾಡಿದರು: ಮೊಣಕೈಯಿಂದ ತಮ್ಮನ ಮಣಿಕಟ್ಟಿಗೆ ಬಲವಾಗಿ ತಿವಿದರು.

ದೊಡ್ಡ ಟಾರ್ಚ್ ಬಾವಿಗೆ ಬಿತ್ತು. ಮುಳುಗುತ್ತಾ, ನೀರಿನ ಒಳಗಿಂದ ಒಂದು ಗಳಿಗೆ ಹಸಿರಾಗಿ ಬೆಳಗಿ, ಆರಿತು. ಬರಿಗೈಯಾದ ತಮ್ಮ ಆಗ ಹಗ್ಗ ಹಿಡಿದರು. ಅಷ್ಟರಲ್ಲಿ ನಾನೂ ಬಂದು ಕೈಹಾಕಿದೆ. ತಮ್ಮನ ಹೆಂಡತಿ ಮೇಲೆ ಬಂದು ನೆಲದಲ್ಲಿ ಕುಳಿತಾಗ ತಮ್ಮನ ಬಾಯಿಂದ ಬಂದ ಮೊದಲ ಮಾತು, “ನನ್ನ ಟಾರ್ಚ್!”

ದೊಡ್ಡಮ್ಮ ಬಾಯಿಯನ್ನು ಖಾಲಿ ಮಾಡಿಕೊಂಡು, “ಅದು ಅಲ್ಲೇ ಇರ್ಲಿ. ಇವಳಿಗೆ ಒರೆಸಿಕೊಳ್ಳಲಿಕ್ಕೆ ಒಂದು ಬೈರಾಸು ತಾ, ಓಡು!” ಎಂದರು.

ಆಚೆಬದಿಯ ತೋಟದಲ್ಲಿ ಮೊಗ್ಗು ಕೊಯ್ಯುತ್ತಿದ್ದ ನೆರೆಮನೆಯಾಕೆ ಕಂಡದ್ದು ಇಷ್ಟು: ಸಣ್ಣ ಬೆಳಕು ಥಟ್ಟನೆ ಅಲುಗಿತು, ದೊಡ್ಡ ಬೆಳಕು ಬಾವಿಗೆ ಹೋಯಿತು, ತಮ್ಮ “ನನ್ನ ಟಾರ್ಚ್” ಎಂದು ಕೂಗಿದರು. ಜಗಲಿಯ ನಗು ಆಕೆಗೆ ನೆನಪಿತ್ತು. ಹೂ ಕೊಡಲು ಹೆಂಗಸರು ಸೇರುವ ಅಂಗಡಿಯಲ್ಲಿ ಅವತ್ತೇ ಕಥೆ ಸಿದ್ಧವಾಯಿತು; ಹೂವು ಹೋದಲ್ಲಿಗೆಲ್ಲ ಅದೂ ಹೋಯಿತು. ಆಕೆ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಆಕೆಯ ಬೇಲಿಯಾಚೆಯಿಂದ ಹಗ್ಗ ಕಾಣುತ್ತಿರಲಿಲ್ಲ, ಅಷ್ಟೆ. ಆ ಟಾರ್ಚ್ ಕೆಳಗಿದ್ದವರ ತಲೆಗೆ ಬಿದ್ದಿದ್ದರೆ ಏನು ಗತಿ ಎಂದು ಕೇಳುವವರ ಪ್ರಶ್ನೆಯೂ ನ್ಯಾಯವೇ. ಆದರೆ ಹೊಟ್ಟೆಕಿಚ್ಚನ್ನು ಯಾರೂ ಕಂಡದ್ದಲ್ಲ. ಅದು ಆಮೇಲೆ ಸೇರಿಸಿದ್ದು.

“ನಡೆದದ್ದನ್ನು ನೀವೇ ಹೇಳಬಾರದಾ ದೊಡ್ಡಮ್ಮ?” ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ.

“ಎಂತ ಹೇಳುವುದು? ತಿವಿದದ್ದು ಹೌದಲ್ವಾ? ಬಾಯಿ ಖಾಲಿ ಇರ್ಲಿಲ್ಲ ಮಾರಾಯ.” ಒಂದು ಸಲ ಮಾತ್ರ ಮೆಲ್ಲಗೆ ಮುಂದುವರಿಸಿದರು: “ಹೆಂಡತಿ ನೀರಲ್ಲಿರುವಾಗ ಇವನು ಟಾರ್ಚ್ ಬಿಡಲಿಲ್ಲ ಅಂತ ಊರಿಗೆ ಹೇಳಿದ್ರೆ, ಅವನು ಮತ್ತೆ ಯಾವ ಮುಖ ಹೊತ್ತು ಇಲ್ಲಿಗೆ ಬರುವುದು? ನೀನೂ ಹೇಳಬೇಡ.”

ಅವರು ಬಾಯಿ ಮುಚ್ಚಿಕೊಂಡರೂ ತಮ್ಮ ಬರಲಿಲ್ಲ. ಮುಂದಿನ ರಜೆಗಳನ್ನೆಲ್ಲ ಅವರು ಹೆಂಡತಿಯ ಮನೆಯಲ್ಲಿಯೇ ಕಳೆದರು. ಪ್ರತಿಸಲವೂ ದೊಡ್ಡಮ್ಮ ಅಕ್ಕಿ ನೆನೆಹಾಕಿ, ಪತ್ರೊಡೆಗೆ ಕೆಸುವಿನ ಎಲೆ ತಂದಿಟ್ಟು, ಬಸ್ಸಿನ ಸದ್ದಿಗೆ ಕಿವಿಗೊಟ್ಟದ್ದನ್ನು ನಾನು ನೋಡಿದ್ದೇನೆ. ಎಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡಾಗ ತಮ್ಮ ಬಂದರು. ಜಗಲಿಯಲ್ಲಿ ಜನ ಅದೇ ಕಥೆಯನ್ನು ಪಿಸುಗುಟ್ಟಿದರು. ಅದು ತಮ್ಮನ ಕಿವಿಗೂ ಬಿತ್ತು. ಅವರು ತಲೆ ತಗ್ಗಿಸಿ ಕುಳಿತರು, ತಿದ್ದಲಿಲ್ಲ. ಈಗ ಅವರೂ ಇಲ್ಲ, ನೆರೆಮನೆಯಾಕೆಯೂ ಇಲ್ಲ.

ನನ್ನ ಮಾತನ್ನೇ ನಂಬಿ ಎಂದು ನಾನು ಹೇಳುವುದಿಲ್ಲ. ಮಂದಿಯ ಮಾತನ್ನು ಸುಮ್ಮನೆ ನಂಬುವವನು ನಾನೂ ಅಲ್ಲ. ಬಾವಿಗೆ ಬಿದ್ದಿದ್ದವರು ಬದುಕಿದ್ದಾರೆ. ಸಂತೆಕಟ್ಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಚುರುಕಾಗಿದೆ, ನೆನಪು ಅದಕ್ಕಿಂತ ಚುರುಕಾಗಿದೆ. ಇಷ್ಟು ವರ್ಷಗಳಲ್ಲಿ ಈ ಕಥೆ ಹೇಳಿದವರಲ್ಲಿ ಒಬ್ಬರೂ ತನ್ನನ್ನು ಕೇಳಿಲ್ಲ ಎನ್ನುತ್ತಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು. ನಾನು ಕೇಳಿದಾಗ ಅವರು ಹೇಳಿದ್ದು ಇದು:

“ಮೇಲೆ ಯಾರು ಎಂತ ಮಾಡಿದ್ರು ಅಂತ ನನಗೆ ಕಾಣಲಿಲ್ಲ. ಆ ದೊಡ್ಡ ಬೆಳಕು ಮೇಲಿರುವಷ್ಟು ಹೊತ್ತು ನಾನು ನೀರಲ್ಲೇ ಇದ್ದೆ. ಅದು ನನ್ನ ಪಕ್ಕಕ್ಕೆ ಬಿತ್ತು. ಬಿದ್ದ ಮೇಲೆ ಹಗ್ಗ ಮೇಲೆ ಹೋಯಿತು.”