ಒಂದು ಬುಧವಾರದ ತುಂಡು ಬೀಜ

ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದ ಮೇಲೆ, ೧೯೯೮ರಲ್ಲಿ, ಹೆಮ್ಮಾಡಿ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಸಿಪ್ಪೆ ಸುಲಿಯುವ ಹೆಂಗಸರಲ್ಲಿ ಯಾರ ಕೈಯಲ್ಲಿ ಬೀಜ ಹೆಚ್ಚು ತುಂಡಾಗುತ್ತದೆ ಎಂದು ನೋಡಲು ಧಣಿಗಳು ಹೇಳಿದರು. ಹನ್ನೆರಡು ದಿನ ಪ್ರತಿಯೊಬ್ಬರ ಬುಟ್ಟಿಯಿಂದ ಇನ್ನೂರು ಬೀಜ ತೆಗೆದು ಎಣಿಸಿದೆ. ಎಲ್ಲ ದಿನಗಳನ್ನು ಕೂಡಿಸಿ, ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ತೋರಿಸುವ ಕೈ-ಸ್ಕ್ವೇರ್ ಪರೀಕ್ಷೆ ಮಾಡಿದೆ. ಉಪ್ಪುಂದದಿಂದ ಬರುತ್ತಿದ್ದ ಒಬ್ಬರ ತುಂಡುಗಳು ಆಕಸ್ಮಿಕ ಎನ್ನಲಾಗದಷ್ಟು ಹೆಚ್ಚಿದ್ದವು. ಹಾಗೆಂದು ಬರೆದು ಸಹಿ ಹಾಕಿದೆ. ಶನಿವಾರ ಅವರನ್ನು ಕೆಲಸದಿಂದ ಬಿಡಿಸಿದರು.

ಸೋಮವಾರ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

"ರೈಟ್ರೇ, ಆ ಬುಧವಾರ ಬೋರ್ಮದಲ್ ಕರ್ಟಿದ್ ಬೀಜ ನಂಗೇ ಕೊಟ್ಟದ್ದಲ್ದಾ? ಮುಟ್ಟಿರೆ ಪುಡಿ ಆತಿತ್."

ಬೋರ್ಮವೆಂದರೆ ಬೀಜ ಒಣಗಿಸುವ ಒಲೆ; ಕರ್ಟಿದ್ದೆಂದರೆ ಹೆಚ್ಚು ಕಾದು ಸೀದದ್ದು. ಹಾಳೆ ತೆಗೆದು ನೋಡಿದೆ. ಹನ್ನೊಂದು ದಿನ ಅವರ ಎಣಿಕೆ ಉಳಿದವರಂತೆಯೇ ಇತ್ತು. ಆ ಬುಧವಾರ ಒಂದೇ ಇಡೀ ಮೊತ್ತವನ್ನು ಎಳೆದುಕೊಂಡು ಹೋಗಿತ್ತು. ಅವರದೊಂದೇ ದಿನ ಬಿಟ್ಟರೆ ಪಕ್ಷಪಾತವಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ಅತಿ ಕೆಟ್ಟ ದಿನವನ್ನೂ ಅತಿ ಒಳ್ಳೆಯ ದಿನವನ್ನೂ ಬದಿಗಿಟ್ಟು ಮತ್ತೆ ಪರೀಕ್ಷಿಸಿದೆ. ವ್ಯತ್ಯಾಸ ಉಳಿಯಲಿಲ್ಲ.

ಧಣಿಗಳ ಬಳಿ ಹೋಗಿ, ನನ್ನ ಲೆಕ್ಕ ತಪ್ಪಿತ್ತು, ಆ ಹೆಂಗಸನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದೆ.

"ಶನಿವಾರ ಸೈನ್ ಹಾಕದ್ ಯಾರ್ ಮರಾಯ್ರೆ, ನಿಮ್ಮ ಅಜ್ಜನಾ?" ಎಂದರು.

"ಆ ಬುಧವಾರ ಬೋರ್ಮ ಹೆಚ್ಚು ಕಾದಿತ್ತು."

"ಅದ್ ನಂಗೂ ಗೊತ್ತಿತ್. ಆರೆ ನಿಮ್ಮ ಕಾಗ್ದದಲ್ ಬೋರ್ಮ ಇಲ್ಯಲೆ."

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಸಹಿಗೆ ಕಾದಿದ್ದರು.

ಹೆಂಗಸು ಗೇಟಿನ ಹತ್ತಿರ ಕಾಯುತ್ತಿದ್ದರು. ಆಗುವುದಿಲ್ಲವಂತೆ ಎಂದೆ.

"ಹನ್ನೆರ್ಡ್ ದಿನ ನನ್ನ ಎದ್ರಿಗೇ ಕೂತ್ಕಂಡ್ ಎಣ್ಸದ್ರಿ," ಎಂದರು. "ಎಂತಕ್ಕೆ ತುಂಡಾತ್ತ್ ಅಂತ ಒಂದ್ ಸಲ ಕೇಂಬುಕಾಯ್ಲಿಲ್ಯಾ?"

ಅವರ ಬಸ್ಸು ಬಂತು, ಹತ್ತಿದರು.

ಸಹಿ ಹಾಕಿದ ಕಾಗದ ಹಿಂದಕ್ಕೆ ಕೊಡಿ ಎಂದು ಧಣಿಗಳನ್ನು ಮೂರು ಸಲ ಕೇಳಿದೆ. ಕೊಡಲಿಲ್ಲ. ಮುಂದಿನ ವಾರ ಇನ್ನೊಂದು ಸಾಲಿನ ಹೆಂಗಸರನ್ನು ಎಣಿಸಲು ಹೇಳಿದರು. ಮೊದಲು ಬೋರ್ಮದ ಬಿಸಿ ದಿನಾ ಬರೆದಿಡಬೇಕು, ಯಾವ ದಿನ ಬಿಡುವುದೆಂಬ ನಿಯಮ ಎಣಿಸುವ ಮುಂಚೆಯೇ ಗೊತ್ತಾಗಿರಬೇಕು ಎಂದೆ. ಅವರು ನಕ್ಕರು. ನಾನು ಎಣಿಸಲಿಲ್ಲ. ಆ ತಿಂಗಳ ಕೊನೆಗೆ ನನ್ನನ್ನೂ ಬಿಡಿಸಿದರು. ಅದರಿಂದ ಉಪ್ಪುಂದದ ಆ ಹೆಂಗಸಿಗೆ ಕೆಲಸವೇನೂ ಮರಳಿ ಸಿಗಲಿಲ್ಲ.