ದೊಡ್ಡತಾಯಮ್ಮನ ಕೆರೆ ದಾರಿ

ಶಾಂತಿಗ್ರಾಮದಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡತಾಯಮ್ಮನಿಗಿರುವುದು ನಾಲ್ಕು ಹಸು, ಒಂದು ಬಾಯಿ. ಹಸುಗಳು ಅವಳ ಮಾತು ಕೇಳುತ್ತವೆ, ಬಾಯಿ ಯಾರ ಮಾತನ್ನೂ ಕೇಳುವುದಿಲ್ಲ. ನಿವೃತ್ತಿಯಾಗುವ ತನಕ ಹೈಸ್ಕೂಲು ಮಕ್ಕಳನ್ನು ಗದರಿಸಿದ ನಾನೇ ಅವಳೆದುರು ಮೆತ್ತಗಾಗುತ್ತೇನೆ. ಇಬ್ಬರೂ ಒಂದೇ ವಾರಿಗೆಯವರು, ಜಗಳವಾಡಿಕೊಂಡೇ ಚೆನ್ನಾಗಿದ್ದೇವೆ.

ಅವಳ ತವರೂ ಇದೇ ಊರು. ಅಣ್ಣನ ಮಗ ಕೀರ್ತಿರಾಜ್ ಕೆರೆ ಪಕ್ಕದ ಹೊಲವನ್ನು ಬಡಾವಣೆ ಮಾಡಿದ. ಕೆರೆ ದಂಡೆಯ ಬಡಾವಣೆಗೊಂದು ನಿಯಮವಿದೆ: ನೀರಿನ ಅಂಚಿನಿಂದ ಇಂತಿಷ್ಟು ಜಾಗ ಬಯಲಾಗಿಯೇ ಬಿಡಬೇಕು, ಅಲ್ಲಿ ಮನೆಯಿರಲಿ, ಗೋಡೆಯೂ ಏಳಕೂಡದು. ಮಂಜೂರಾದ ನಕ್ಷೆಯಲ್ಲಿ ಆ ಪಟ್ಟಿಗೆ ಚೆಂದಾಗಿ ಹಸಿರು ಬಣ್ಣ ಬಳಿದಿತ್ತು. ನೆಲದ ಮೇಲೆ ಮಾತ್ರ ಈ ಪುಣ್ಯಾತ್ಮ ಎದೆಮಟ್ಟದ ಗೋಡೆ ಎಬ್ಬಿಸಿಬಿಟ್ಟ. ಸೈಟು ಕೊಳ್ಳುವವರು ಕೆರೆಯ ಹಾವಿಗೆ ಹೆದರುತ್ತಾರಂತೆ. ಹಾವಿಗೇನು, ಗೋಡೆ ಹತ್ತಲು ಬರುವುದಿಲ್ಲವೇ?

ಗೋಡೆ ಎದ್ದದ್ದು ಸರಿಯಾಗಿ ದೊಡ್ಡತಾಯಮ್ಮ ಹಸುಗಳಿಗೆ ನೀರು ಕುಡಿಸಲು, ಮೈ ತೊಳೆಯಲು ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಅಡ್ಡವಾಗಿ. ಅಂದಿನಿಂದ ಹೆದ್ದಾರಿ ಸುತ್ತಿಕೊಂಡೇ ಹೋಗಬೇಕಾಯಿತು. ಒಂದು ಬೆಳಿಗ್ಗೆ ಬಸ್ಸಿನ ಹಾರನ್ನಿಗೆ ಬೆದರಿದ ಕಡಸು ರಸ್ತೆಗೆ ನುಗ್ಗಿತು. ಹಗ್ಗ ಬಿಡದ ದೊಡ್ಡತಾಯಮ್ಮ ಬಿದ್ದು ಮಂಡಿ ತರಚಿಕೊಂಡಳು. ಹಸುಗಳನ್ನು ಮಾರಿಬಿಡುತ್ತೇನೆ ಎಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ನಕ್ಷೆ ಮಂಜೂರು ಮಾಡಿದ ಯೋಜನಾ ಕಚೇರಿಗೆ ದೂರು ಕೊಡೋಣ, ನಾನೇ ಬರೆದುಕೊಡುತ್ತೇನೆ ಎಂದೆ. ಅವಳು ನನ್ನ ಮೇಲೆಯೇ ತಿರುಗಿಬಿದ್ದಳು.

"ನಮ್ಮಣ್ಣನ ಮಗನ ಮ್ಯಾಲೆ ಅರ್ಜಿ ಕೊಟ್ಟು, ಆಮೇಕೆ ಯಾವ ಮೊಕ ಇಟ್ಕಂಡು ತವರಿಗೋಗ್ಲಿ ಸರಸಮ್ನೋರೇ?"

ಸರಿ, ತೆಗೆದಿದ್ದ ಕಾಗದ ಪೆನ್ನು ಒಳಗಿಟ್ಟೆ.

ಅಷ್ಟರಲ್ಲಿ ಅದೇ ಬಡಾವಣೆಯಲ್ಲಿ ಕೀರ್ತಿರಾಜ್ ತನಗೆಂದು ಕಟ್ಟಿಸಿದ ಮನೆಯ ಗೃಹಪ್ರವೇಶ ಬಂತು. ಅವರ ಮನೆತನದಲ್ಲಿ ಹೊಸ ಮನೆಗೆ ಗಂಗೆ ತರುವವಳು ಸೋದರತ್ತೆ. ಅವಳ ಬಿಂದಿಗೆ ಒಳಗೆ ಹೋಗದೆ ಒಲೆ ಹೊತ್ತಿಸುವಂತಿಲ್ಲ. ದೊಡ್ಡತಾಯಮ್ಮ ರೇಷ್ಮೆ ಸೀರೆಯುಟ್ಟು, ಬಿಂದಿಗೆ ಸೊಂಟಕ್ಕಿಟ್ಟು ಹೊರಟಳು. ಮುಂದೆ ವಾಲಗ, ಹಿಂದೆ ನಾವು ಹೆಂಗಸರು. ಅವಳು ನೆಟ್ಟಗೆ ಹೋಗಿ ಗೋಡೆಯೆದುರು ನಿಂತಳು. ವಾಲಗದವರು ಪಾಪ, ಬೇರೇನೂ ತೋಚದೆ ಗೋಡೆಗೇ ಮುಖ ಮಾಡಿಕೊಂಡು ಊದುತ್ತಲೇ ಇದ್ದರು.

ಕೀರ್ತಿರಾಜ್ ಓಡಿ ಬಂದ. ಮನೆ ಹಿಂದಿನ ಬೋರ್‌ವೆಲ್ ನಲ್ಲಿಗೆ ಮಾವಿನ ಸೊಪ್ಪು ಕಟ್ಟಿಸಿದ್ದೇನೆ, ಅಲ್ಲೇ ತುಂಬಿಸಿಕೊಳ್ಳಿ ಎಂದ. ದೊಡ್ಡತಾಯಮ್ಮ ಬಿಂದಿಗೆಯನ್ನು ನೆಲಕ್ಕಿಟ್ಟಳು.

"ಕೆರೆ ತೋರ್ಸಿ ಸೈಟ್ ಮಾರ್ದೆ, ಈಗ ನಂಗೆ ನಲ್ಲಿ ತೋರಿಸ್ತೀಯೇನ್ಲಾ? ನಿಮ್ಮಪ್ಪನ ಮನೆಗೂ ಗಂಗವ್ವ ಕೆರೆಯಿಂದ್ಲೇ ಬಂದಿದ್ದು. ರೋಡ್ ಸುತ್ಕೊಂಡು ನಾನೋಗಲ್ಲ. ನನ್ನ ದನ ಓಡಾಡಿದ್ ದಾರೀಲೇ ಓಗ್ತೀನಿ."

ಸೈಟು ಕೊಂಡವರೆಲ್ಲ ಕಿಸಕ್ಕನೆ ನಕ್ಕರು. ಕೀರ್ತಿರಾಜ್ ಹೆಂಡತಿಯ ಮುಖ ನೋಡಿದ, ಅವಳು ದೊಡ್ಡತಾಯಮ್ಮನ ಪಕ್ಕಕ್ಕೆ ಹೋಗಿ ನಿಂತುಬಿಟ್ಟಳು. ಪುರೋಹಿತರ ಮುಖ ನೋಡಿದ. ಗೋಡೆ ಕೆಡವಿದರೆ ದೋಷವಿಲ್ಲ, ಮುಹೂರ್ತ ಮೀರಿದರೆ ದೋಷ ಎಂದರು ಅವರು. ಅವನು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹಾರೆ ತರಿಸಿ, ತಾನೇ ಮೀಟಿದ. ಗೋಡೆ ಧಡಾರನೆ ಉರುಳಿದಾಗ ವಾಲಗದವರು ಅದೇ ಮುಹೂರ್ತವೆಂದುಕೊಂಡು ಗಟ್ಟಿಮೇಳ ಬಾರಿಸಿದರು. ನಕ್ಕು ನಕ್ಕು ನನಗಂತೂ ಕಣ್ಣಲ್ಲಿ ನೀರು ಬಂತು. ಗಂಗೆಯೂ ಬಂದಳು, ಒಲೆಯೂ ಉರಿಯಿತು. ದೊಡ್ಡತಾಯಮ್ಮ ಸೋದರಳಿಯನ ಕೆನ್ನೆ ಸವರಿ ಲಟಿಕೆ ಮುರಿದಳು.

ಮಾರನೆಯ ದಿನ ತಡೆಯಲಾರದೆ ನೋಡಲು ಹೋದೆ. ಹಸುಗಳು ಆಗಲೇ ಕೆರೆಯೊಳಗೆ ನಿಂತಿದ್ದವು. ಗೋಡೆ ಬಿದ್ದ ಜಾಗದಲ್ಲಿ ಗೇಟಿಗೆ ಎಷ್ಟು ಅಗಲ ಬಿಡಲಿ ಎಂದು ಗಾರೆಯವನು ಕೀರ್ತಿರಾಜ್‌ನನ್ನು ಕೇಳುತ್ತಿದ್ದ.

"ಗೇಟೂ ಬ್ಯಾಡ ಏನೂ ಬ್ಯಾಡ, ಕೆರೆ ಕಡೆ ಗ್ವಾಡೆ ಪೂರ್ತಿ ಇಳಿಸ್ಬುಡು. ಆಫೀಸ್ನೋರು ಬಂದ್ರೆ ಏನಾರ ಏಳಿ ಕಳಿಸ್ಬೋದು ಕಣಪ್ಪ, ನಮ್ಮತ್ತೆಗೆ ಆಗಾಕಿಲ್ಲ. ಇನ್ನೂ ಎರಡು ದನ ತತ್ತೀನಿ ಅಂತವ್ಳೆ."