ನೀರಮ್ಮನಿಗೆ ಸಿಗದ ಸರ್ಟಿಫಿಕೇಟು

ಹೋದ ವಾರ ಚನ್ನರಾಯಪಟ್ಟಣದಲ್ಲಿ ಅಣ್ಣನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಬಿಸಿ ಹರಳೆಣ್ಣೆಯ ವಾಸನೆ ಬಂತು. ಅಣ್ಣನ ಮಗಳು ಬಾಣಂತಿ. ಒಳಗೆ ಯಾರೋ ಎಣ್ಣೆ ಕಾಯಿಸುತ್ತಿದ್ದರು. ಹರಳೆಣ್ಣೆ ಕಾಯುವಾಗ ಮೊದಲು ಹಸಿ ಘಾಟು ಏಳುತ್ತದೆ, ಸ್ವಲ್ಪ ಹೊತ್ತಿಗೆ ಅದು ತಗ್ಗುತ್ತದೆ. ಘಾಟು ತಗ್ಗಿದ ಕೂಡಲೇ ಒಲೆಯಿಂದ ಇಳಿಸಬೇಕು ಎಂದು ನನಗೆ ಹೇಳಿಕೊಟ್ಟವರು ಈಗಿಲ್ಲ.

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವರು ಅವರು. ದೊಡ್ಡವರು ‘ನೀರು ಹಾಕೋ ಅಮ್ಮ’ ಎನ್ನುತ್ತಿದ್ದರು, ಮಕ್ಕಳ ಬಾಯಲ್ಲಿ ಅದು ನೀರಮ್ಮ ಆಗಿತ್ತು. ಮೂವತ್ತು ವರ್ಷ ಅದೇ ಕೆಲಸ. ಹದಿನಾರು ವರ್ಷದ ಹಿಂದೆ ನನ್ನ ಮಗಳು ಹುಟ್ಟಿದಾಗ ನಲವತ್ತು ದಿನ ನಮ್ಮ ಮನೆಗೂ ಬಂದಿದ್ದರು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದರು. ಆದರೆ ಅದಕ್ಕೂ ಮೊದಲು ಒಂದು ಕೆಲಸವಿತ್ತು. ನೀರು ಕಾಯುವ ತಾಮ್ರದ ಹಂಡೆಯ ಮೈಗೆ ಎರಡೂ ಅಂಗೈ ಒತ್ತಿ ಹಿಡಿಯುತ್ತಿದ್ದರು. ಕೈ ಬೆಚ್ಚಗಾದ ಮೇಲೆ ತಮ್ಮ ಕೆನ್ನೆಗೆ ಒಮ್ಮೆ ಮುಟ್ಟಿಸಿ ನೋಡುತ್ತಿದ್ದರು. ಆಮೇಲೆಯೇ ಮಗುವಿನ ಮೈ.

“ನಮ್ ತಣ್ಣನ್ ಕೈ ಕೂಸ್ಗೆ ಯಾಕ್ ತಾಕ್ಬೇಕು? ಒಂಬತ್ ತಿಂಗ್ಳು ಬೆಚ್ಚಗಿದ್ದು ಬಂದೈತೆ” ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಹಾಸನದಲ್ಲಿ ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಸೆರಗಿನ ತುದಿಯಿಂದ ಒಂದು ಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು.

“ಮೊಮ್ಮಗಳು ಓದುದ್ಲು. ಇದು ನಿನ್ ಎಸ್ರೇ ತಾನೇ ಕಣವ್ವ?”

ಹೌದು, ನನ್ನ ಹೆಸರೇ. ಹಾಸನದ ಬಸ್ ನಿಲ್ದಾಣದ ಹತ್ತಿರ ತೆರೆದಿದ್ದ ಒಂದು ಬ್ಯೂಟಿಷಿಯನ್ ಮತ್ತು ಮಸಾಜ್ ತರಬೇತಿ ಶಾಲೆಯ ಬಗ್ಗೆ ನಾನು ಬರೆದಿದ್ದ ಲೇಖನ. ಮಾಲೀಕರು ಕೊಟ್ಟ ಹಾಳೆಯಲ್ಲಿ ಇದ್ದದ್ದನ್ನು ಸ್ವಲ್ಪ ತಿದ್ದಿ ಬರೆದಿದ್ದೆ. ಕಲಿತವರಿಗೆಲ್ಲ ಕೆಲಸ ಸಿಕ್ಕಿದೆ ಎಂಬ ಸಾಲೂ ಅದರಲ್ಲಿತ್ತು. ಯಾರಿಗೆ, ಎಲ್ಲಿ, ಎಷ್ಟು ಸಂಬಳಕ್ಕೆ ಎಂದು ನಾನು ಕೇಳಿರಲಿಲ್ಲ. ಹೊಸದಾಗಿ ಸೇರಿದ ವರದಿಗಾರರಿಗೆ ನಾನು ಮೊದಲ ದಿನ ಕಲಿಸುವುದೇ ಈ ಮೂರು ಪ್ರಶ್ನೆಗಳನ್ನು.

ನೀರಮ್ಮನಿಗೆ ಕರೆ ಬರುವುದು ಕಡಿಮೆಯಾಗಿತ್ತು. ಖಾಸಗಿ ನರ್ಸಿಂಗ್ ಹೋಮ್‌ಗಳು ಡಿಸ್ಚಾರ್ಜ್ ಚೀಟಿಯ ಜೊತೆಗೇ ತರಬೇತಿ ಪಡೆದವರ ಫೋನ್ ನಂಬರು ಬರೆದು ಕೊಡತೊಡಗಿದ್ದವು. ನೀರಮ್ಮ ಅದನ್ನು ಹೇಳಿದ ರೀತಿಗೆ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿ ನಕ್ಕಿದ್ದರು.

“ಮೊನ್ನೆ ಒಂದ್ ಮನೇಲಿ ಬಾಗ್ಲಲ್ಲೇ ನಿಲ್ಸಿ ಸರ್ಟಿಪೀಟ್ ಐತಾ ಅಂದ ಕಣವ್ವ. ಕೇಳುದ್ನಲ್ಲ, ಅವುನ್ ಕೂಸಾಗಿದ್ದಾಗ ಅಂಡು ತೊಳ್ದೋಳು ನಾನು. ಅದುಕ್ಕಿಂತ ಇನ್ನೇನ್ ಸರ್ಟಿಪೀಟ್ ಬೇಕಂತೆ ಅವುನ್ಗೆ?”

ನಗು ಮುಗಿದ ಮೇಲೆ ನನ್ನ ಮುಖ ನೋಡಿ ಕೇಳಿದರು: “ನಾನು ಸೇರ್ಕಳ್ಲಾ?”

ಸೇರಿಕೊಳ್ಳಿ ಎಂದೆ.

ಕೋರ್ಸಿನ ಶುಲ್ಕ ನಲವತ್ತೆಂಟು ಸಾವಿರ. ಎಣ್ಣೆ, ಕ್ರೀಮು, ಏಪ್ರನ್ನು ಇರುವ ಕಿಟ್ಟಿಗೆ ಬೇರೆ ಹಣ, ಪರೀಕ್ಷೆಗೆ ಮತ್ತೆ ಬೇರೆ. ಅರಕಲಗೂಡು, ಚನ್ನರಾಯಪಟ್ಟಣ, ನುಗ್ಗೇಹಳ್ಳಿ ಎಲ್ಲ ಕಡೆ ಶಾಲೆಯವರು ಹಂಚಿದ ಹಾಳೆಯಲ್ಲಿ ಒಂದು ಲೆಕ್ಕಾಚಾರವಿತ್ತು. ಹೆಂಗಸರಿಗೆ ಬಸ್ಸು ಹೇಗೂ ಉಚಿತ, ತಿಂಗಳ ಕಂತಿಗೆ ಗೃಹಲಕ್ಷ್ಮಿ ಹಣ ಇದ್ದೇ ಇದೆ, ಹಾಗಾಗಿ ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ! ಬಡ ಹೆಂಗಸರ ಕೈಗೆ ಏನು ಬರುತ್ತದೆ ಎಂದು ಇಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಿದವರು ಅವರಿಗೆ ಏನು ಕಲಿಸಬೇಕು ಎಂದು ಅದರ ಅರ್ಧದಷ್ಟಾದರೂ ಯೋಚಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೊದಲ ಕಂತಿಗೆ ನೀರಮ್ಮ ತಮ್ಮ ತಾಯಿಯ ಕಾಲದ ತಾಮ್ರದ ಹಂಡೆಯನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದರು. ನನಗೆ ಹೇಳಿದ್ದು ಆಮೇಲೆ. “ಎಲ್ಲಾರ್ ಮನೇಲೂ ಗೀಸರ್ ಬಂತಲ್ಲವ್ವ, ಅಂಡೆ ಇಟ್ಕೊಂಡ್ ಏನ್ ಪೂಜೆ ಮಾಡಾನಾ?”

ಅವರು ಸೇರಿ ಎರಡು ತಿಂಗಳಾದ ಮೇಲೆ ಒಂದು ದಿನ ಶಾಲೆಗೆ ಹೋದೆ. ಮೊಬೈಲ್ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಕನ್ನಡಿ, ಕುರ್ಚಿ, ಹುಬ್ಬು ತಿದ್ದುವ ದಾರ. ಇನ್ನೊಂದರಲ್ಲಿ ಮಸಾಜಿನ ಮಂಚ. ಮೆಟ್ಟಿಲ ಬಾಯಲ್ಲಿ ‘ಮೂವತ್ತು ಸೀಟು ಭರ್ತಿ’ ಎಂಬ ಬೋರ್ಡು. ಒಳಗೆ ಕೂತಿದ್ದವರನ್ನು ಎಣಿಸಿದೆ, ಹನ್ನೊಂದು ಜನ. ಮಂಚದ ಪಕ್ಕದಲ್ಲಿ ನಿಂತು ಪಾಠ ಮಾಡುತ್ತಿದ್ದವರು ನೀರಮ್ಮ!

ಮಸಾಜ್ ಕಲಿಸಬೇಕಾಗಿದ್ದ ಶಿಕ್ಷಕಿ ಹದಿನೈದು ದಿನ ಬಂದು ಬಿಟ್ಟು ಹೋಗಿದ್ದರಂತೆ. ಹೊಸಬರು ಬರುವ ತನಕ ಸ್ವಲ್ಪ ನೋಡಿಕೊಳ್ಳಿ ಎಂದು ಮಾಲೀಕರು ಇವರಿಗೆ ಹೇಳಿದ್ದರು. ಹೊಸಬರು ಬರಲೇ ಇಲ್ಲ. ಅಂದರೆ ಈ ಹೆಂಗಸು ಕಂತು ಕಟ್ಟಿ ವಿದ್ಯಾರ್ಥಿಯಾಗಿ ಸೇರಿ, ಅದೇ ಶಾಲೆಯಲ್ಲಿ ಬಿಡಿಗಾಸಿಲ್ಲದೆ ಮೇಷ್ಟ್ರಾಗಿದ್ದರು. ನನಗೆ ಆಗಲೇ ಸಿಟ್ಟು ಬಂದಿತ್ತು. ಆದರೆ ಅವರ ಮುಖ ಅರಳಿತ್ತು. ನೆತ್ತಿಗೆ ಎಷ್ಟು ಬೆರಳು, ಬೆನ್ನಿಗೆ ಯಾವ ಕಡೆಯಿಂದ ಯಾವ ಕಡೆಗೆ, ಹೊಟ್ಟೆಯನ್ನು ಯಾಕೆ ಒತ್ತಬಾರದು ಎಂದೆಲ್ಲ ಹೇಳುತ್ತಿದ್ದರು. ಹುಡುಗಿಯರ ಅಂಗೈಗಳನ್ನು ಒಂದೊಂದಾಗಿ ಹಿಡಿದು ಬಿಸಿ ನೀರಿನ ಬಕೆಟ್ಟಿನ ಮೈಗೆ ಒತ್ತಿಸಿದರು. ಕಲಿಯಲು ಕೊಟ್ಟಿದ್ದ ಪ್ಲಾಸ್ಟಿಕ್ ಗೊಂಬೆಯನ್ನು ಕಾಲು ಹಿಡಿದು ಎತ್ತಿ ನನಗೆ ತೋರಿಸಿದರು.

“ನೋಡವ್ವ ಇದುನ್ನ. ಅಳಾಕಿಲ್ಲ, ಉಚ್ಚೆ ಉಯ್ಯಾಕಿಲ್ಲ. ಇದುರ್ ಮೈ ತಿಕ್ಕಿ ಏನ್ ಕಲ್ತಾರು ಈ ಮಕ್ಳು?”

ಹುಡುಗಿಯರೆಲ್ಲ ನಕ್ಕರು. ‘ಆಂಟಿ, ನಿಮ್ ಮೊಮ್ಮಗೂನೇ ಕರ್ಕೊಂಬನ್ನಿ’ ಎಂದು ಒಬ್ಬಳು ಕೂಗಿದಳು. ಅವಳಿಗೆ ನೀರಮ್ಮ ಕೊಟ್ಟ ಉತ್ತರ ಅಚ್ಚು ಮಾಡುವಂಥದ್ದಲ್ಲ.

ಆರು ತಿಂಗಳ ಕೊನೆಗೆ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಸ್ನಾಯುಗಳ ಹೆಸರು, ಮೂಳೆಗಳ ಹೆಸರು. ಸೇರುವಾಗ ಈ ಮಾತನ್ನು ಯಾರೂ ಎತ್ತಿರಲಿಲ್ಲ. ನೀರಮ್ಮನಿಗೆ ಕನ್ನಡ ಅಕ್ಷರವೇ ಕೂಡಿಸಿ ಕೂಡಿಸಿ ಓದಬೇಕು. ಫೇಲಾದರು. ಇನ್ನೊಮ್ಮೆ ಬರೆಯಬೇಕಾದರೆ ಮತ್ತೆ ಶುಲ್ಕ. ಇಷ್ಟು ದಿನ ಪಾಠ ಹೇಳಿದ್ದೆನಲ್ಲ ಎಂದು ಕೇಳಿದ್ದಕ್ಕೆ, ಅದು ನಿಮ್ಮ ಪ್ರಾಕ್ಟಿಕಲ್ಲು ಎಂಬ ಉತ್ತರ ಬಂತಂತೆ. ಅವರ ಹತ್ತಿರ ಕಲಿತ ಹುಡುಗಿಯರಲ್ಲಿ ಹೆಚ್ಚಿನವರು ಪಾಸಾದರು.

ಒಂದು ತಿಂಗಳಾದ ಮೇಲೆ ನನಗೆ ಫೋನ್ ಮಾಡಿದರು.

“ಬಸ್‌ಸ್ಟ್ಯಾಂಡ್ ತಾವ ನನ್ ಪಟ ಆಕವ್ರೆ ಕಣವ್ವ. ಗೊಂಬೆ ಇಡ್ಕೊಂಡ್ ಕೂತಿವ್ನಿ. ನಪಾಸಾದೋಳ್ ಪಟ ಯಾಕ್ ಆಕ್ಕಂಡವ್ರೆ? ನಂಗೊಂದ್ ಕಾಗ್ದ ಕೊಡಕ್ಕಾಗಾಕಿಲ್ಲ, ಮೊಕ ಮಾತ್ರ ಬೇಕಾ ಅವ್ರ್ಗೆ?”

ಹೋಗಿ ನೋಡಿದೆ. ಆಳೆತ್ತರದ ಬ್ಯಾನರು. ‘ನಮ್ಮ ಯಶಸ್ವಿ ವಿದ್ಯಾರ್ಥಿನಿ. ಇಂದು ಸ್ವಂತ ಉದ್ಯೋಗ’.

ಅಲ್ಲಿಂದ ನೇರ ಶಾಲೆಯ ಮೆಟ್ಟಿಲು ಹತ್ತಿದೆ. ಮಾಲೀಕರು ಕಾಫಿ ತರಿಸಿದರು. ನಾನು ಮುಟ್ಟಲಿಲ್ಲ.

“ಆಯಮ್ಮ ಕೆಲ್ಸ ಮಾಡ್ತಿದಾರಾ ಇಲ್ವಾ ಮೇಡಂ?” ಎಂದರು.

“ನಿಮ್ಮಲ್ಲಿ ಸೇರೋದಕ್ಕೆ ಮೂವತ್ತು ವರ್ಷ ಮುಂಚಿನಿಂದ ಮಾಡ್ತಿದ್ದರು.”

“ಅಂದ್ಮೇಲೆ ಸ್ವಂತ ಉದ್ಯೋಗ ತಾನೇ? ಸುಳ್ಳೇನಿದೆ?” ಎಂದು ಡ್ರಾಯರಿನಿಂದ ನನ್ನದೇ ಲೇಖನ ತೆಗೆದು ಮುಂದಿಟ್ಟರು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು. “ಎಲ್ರಿಗೂ ಕೆಲ್ಸ ಸಿಕ್ಕಿದೆ ಅಂತ ಮೊದ್ಲು ಬರ್ದಿದ್ದು ನೀವೇ ಅಲ್ವಾ ಮೇಡಂ?”

ಬರೆದದ್ದು ನಾನೇ.

ಕೆಲಸ ಸಿಕ್ಕವರ ಪಟ್ಟಿ ಕೇಳಿ ತೆಗೆದುಕೊಂಡು ಬಂದು, ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ರಾಮನಾಥಪುರದ ಕಡೆಯ ಒಬ್ಬಳು ಗಂಡನ ಮನೆಯಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದಳು. ಪಟ್ಟಿಯಲ್ಲಿ ಅವಳೂ ಸ್ವಂತ ಉದ್ಯೋಗ. ಇನ್ನೊಬ್ಬಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಮತ್ತೊಬ್ಬಳು ಕೋರ್ಸ್ ಮುಗಿದ ಮೇಲೆ ನಾದಿನಿಯ ಹುಬ್ಬು ಬಿಟ್ಟರೆ ಬೇರೆ ಯಾರ ಹುಬ್ಬನ್ನೂ ಮುಟ್ಟಿಲ್ಲ ಎಂದು ನಕ್ಕಳು. ಕಂತು ಮಾತ್ರ ಇನ್ನೂ ಕಟ್ಟುತ್ತಿದ್ದಳು. ಎಲ್ಲವನ್ನೂ ಬರೆದುಕೊಟ್ಟೆ. ಸಂಪಾದಕರು ಓದಿ ಚೆನ್ನಾಗಿದೆ ಎಂದರು. ಸಂಜೆ ಜಾಹೀರಾತು ವಿಭಾಗದಿಂದ ಅವರಿಗೆ ಫೋನ್ ಬಂತು. ಮರುದಿನ ಅದು ಒಳಪುಟದಲ್ಲಿ ಎಂಟು ಸಾಲಾಗಿ ಬಂದಿತ್ತು, ಶಾಲೆಯ ಹೆಸರಿಲ್ಲದೆ. ಅದೇ ಪುಟದ ಕೆಳಗೆ ಹೊಸ ಬ್ಯಾಚಿನ ಜಾಹೀರಾತು. ಅದರಲ್ಲಿ ನೀರಮ್ಮ ಗೊಂಬೆ ಹಿಡಿದು ಕೂತಿದ್ದರು.

ಎರಡನೇ ಸಲದ ಪರೀಕ್ಷೆಯ ಹಣ ನಾನು ಕಟ್ಟುತ್ತೇನೆ ಎಂದೆ. ಬೇಡ ಎಂದರು. “ಬುಡವ್ವ. ಆ ಇಂಗ್ಲೀಷು ನನ್ ತಲೆಗ್ ಅತ್ತಾಕಿಲ್ಲ. ನೀನ್ಯಾಕ್ ಇನ್ನೊಂದ್ ದಪ ಬಾವಿಗ್ ಬೀಳೀಯೆ?” ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು...

ಆಮೇಲೆ ಅವರನ್ನು ನೀರು ಹಾಕಲು ಯಾರೂ ಕರೆಯಲಿಲ್ಲ. ಒಂದು ಕಲ್ಯಾಣ ಮಂಟಪದ ಹಿಂದೆ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದರು. ಅಲ್ಲಿ ನಾನು ಒಂದು ಮದುವೆಯ ಊಟ ಮುಗಿಸಿ ಕೈ ತೊಳೆಯಲು ಹೋದಾಗ ಕಂಡರು. ತೊಟ್ಟಿಯ ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಕೂತಿದ್ದರು. ಬೆರಳುಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. “ಮಗ್ಳು ಎಂಗವ್ಳೆ?” ಎಂದು ಕೇಳಿದರು. ಹೋದ ಕಾರ್ತೀಕದಲ್ಲಿ ತೀರಿಕೊಂಡರು. ಜ್ವರ ಬಂದು ನಾಲ್ಕೇ ದಿನಕ್ಕೆ. ಸುದ್ದಿ ನನಗೆ ತಿಳಿದಾಗ ಎಲ್ಲ ಮುಗಿದಿತ್ತು.

ಹೋದ ವಾರ ಅಣ್ಣನ ಮನೆಯ ಬಚ್ಚಲಿಗೆ ಬಂದಿದ್ದವಳು ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ. ಊರು ಅರಕಲಗೂಡಿನ ಹತ್ತಿರ. ಗೀಸರಿನಿಂದ ಸ್ಟೀಲ್ ಬಕೆಟ್ಟಿಗೆ ನೀರು ಬಿಟ್ಟುಕೊಂಡು, ಬಕೆಟ್ಟಿನ ಮೈಗೆ ಎರಡೂ ಅಂಗೈ ಒತ್ತಿದಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಆಮೇಲೆ ತನ್ನ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡಳು.

“ಇದನ್ನ ಎಲ್ಲಿ ಕಲಿತೆ?” ಎಂದೆ.

ನಾನು ಅನುಮಾನದಿಂದ ಕೇಳುತ್ತಿದ್ದೇನೆ ಅಂದುಕೊಂಡಳೋ ಏನೋ. ಕೈ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಬ್ಯಾಗಿನಿಂದ ಪ್ಲಾಸ್ಟಿಕ್ ಹಾಳೆಯೊಳಗಿನ ಸರ್ಟಿಫಿಕೇಟು ತೆಗೆದುಕೊಟ್ಟಳು. “ಎಲ್ಲಾರ್ ಮನೇಲೂ ಕೇಳ್ತಾರೆ ಮೇಡಂ, ಅದುಕ್ಕೇ ಇಟ್ಕೊಂಡೇ ಬತ್ತೀನಿ.” ಅದೇ ಶಾಲೆ, ಅದೇ ಬ್ಯಾಚು. ಕೆಳಗೆ ‘ತರಬೇತಿ ನೀಡಿದವರು’ ಎಂಬಲ್ಲಿ ಮಾಲೀಕರ ಸಹಿಯಿತ್ತು. ನನಗೆ ತಿಳಿದಂತೆ ಆ ಶಾಲೆಯಲ್ಲಿ ಅವರು ಮುಟ್ಟಿದ್ದು ಡ್ರಾಯರು ಮಾತ್ರ.

“ಆದ್ರೆ ಕೈ ಬೆಚ್ಗೆ ಮಾಡ್ಕೊಳದು ಈ ಕಾಗ್ದದಲ್ಲಿ ಇಲ್ಲ ಮೇಡಂ” ಎಂದಳು ಹುಡುಗಿ. “ಅದು ನಮ್ ಜೊತೆಗೊಬ್ರು ಆಂಟಿ ಕಲೀತಿದ್ರು, ಹೊಳೆನರಸೀಪುರದೋರು, ಅವ್ರು ಹೇಳ್ಕೊಟ್ಟಿದ್ದು. ನಿಮ್ಗೆ ಗೊತ್ತಾ? ಹೆಂಗವ್ರೆ ಅವ್ರು?”

ಹೇಳಿದೆ.

ಕೋಣೆಯಲ್ಲಿ ಮಗು ಅಳಲು ಶುರು ಮಾಡಿತ್ತು. ಹುಡುಗಿ ಸರ್ಟಿಫಿಕೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಬ್ಯಾಗಿಗೆ ತುರುಕಿದಳು. ಬಕೆಟ್ಟಿನ ಹತ್ತಿರ ಹೋಗಿ ಕೂತು, ತಣ್ಣಗಾಗಿದ್ದ ಅಂಗೈಗಳನ್ನು ಮತ್ತೆ ಅದರ ಮೈಗೆ ಒತ್ತಿ ಹಿಡಿದಳು.